ನಂಪೈ ಇಟ್ಟ ಮುಹೂರ್ತ

ಮಳೆ ಯಾವತ್ತು ಬರುತ್ತದೆ, ಯಾವತ್ತು ಬರುವುದಿಲ್ಲ ಎಂದು ತಿಳಿಯಲು ಇನ್ನು ಮುಂದೆ ಯಾರೂ ಕತ್ತು ಎತ್ತಿ ಮೋಡ ನೋಡಬೇಕಾಗಿಲ್ಲ, ನನ್ನನ್ನು ಕೇಳಿದರೆ ಸಾಕು ಎಂದು ಬಣಕಲ್ಲಿನ ಹೋಟೆಲಿನಲ್ಲಿ ಕೂತು, ಎದುರಿಗೆ ಬಿಸಿ ಕಡುಬಿನ ತಟ್ಟೆ ಇಟ್ಟುಕೊಂಡು, ಹತ್ತು ಜನರಿಗೆ ಕೇಳುವ ಹಾಗೆ ನಾನು ಹೇಳಿದ್ದು ನಿಜ. ಹೇಳಲಿಲ್ಲ ಎಂದು ಈಗ ಸಾಧಿಸಲು ಬರುವುದಿಲ್ಲ. ಆ ಹತ್ತು ಜನರೂ ಮದುವೆಗೆ ಬಂದಿದ್ದರು. ಹತ್ತು ಜನರೂ ನೆಂದಿದ್ದರು!

ಇದೆಲ್ಲ ಶುರುವಾದದ್ದು ಪೂರ್ವಿ ಕೊಟ್ಟ ಹಳೆಯ ಲ್ಯಾಪ್‌ಟಾಪಿನಿಂದ. ಪೂರ್ವಿ ನನ್ನ ಅಕ್ಕ ಲಲಿತಕ್ಕನ ಒಬ್ಬಳೇ ಮಗಳು, ಮೂಡಿಗೆರೆ ಕಡೆ ದನದ ಡಾಕ್ಟರು. ಹೊಸ ಲ್ಯಾಪ್‌ಟಾಪ್ ತೆಗೆದುಕೊಂಡ ಮೇಲೆ ಹಳೆಯದನ್ನು ತಂದು, "ಮಾವ, ಇಸ್ಪೀಟ್ ಆಡ್ಲಿಕ್ಕಾದ್ರೂ ಆಗ್ತದೆ, ಇಟ್ಕೊಳ್ಳಿ" ಎಂದು ನನ್ನ ತೊಡೆಯ ಮೇಲಿಟ್ಟು ಹೋದಳು. ಕಂಪ್ಯೂಟರಿನ ಎದುರು ಒಬ್ಬನೇ ಕೂತು ಇಸ್ಪೀಟ್ ಆಡುವುದರಲ್ಲಿ ಏನು ಸುಖವಿದೆ? ಸೋತರೆ ಬೈಯಲು ಯಾರೂ ಇಲ್ಲ. ಎರಡೇ ದಿನಕ್ಕೆ ಬೇಜಾರು ಬಂತು. ಮೂರನೆಯ ದಿನ ಒಂದು ವಿಡಿಯೋ ಕಣ್ಣಿಗೆ ಬಿತ್ತು. "ಯಾರು ಬೇಕಾದರೂ ಪೈಥಾನ್ ಕಲಿಯಬಹುದು!" ಯಾರು ಬೇಕಾದರೂ ಎಂದ ಮೇಲೆ ಐವತ್ತನಾಲ್ಕು ವರ್ಷದ ಕಾಫಿ ಬೆಳೆಗಾರನೂ ಆ ಲೆಕ್ಕಕ್ಕೆ ಬಂದನಲ್ಲ!

ಪೈಥಾನ್ ಎಂದರೆ ಹೆಬ್ಬಾವಲ್ಲ, ಕಂಪ್ಯೂಟರಿಗೆ ಕೆಲಸ ಹೇಳುವ ಒಂದು ಭಾಷೆ. ಆದರೆ ಬರೀ ಭಾಷೆ ಇಟ್ಟುಕೊಂಡರೆ ದೊಡ್ಡ ಕೆಲಸ ಆಗುವುದಿಲ್ಲ. ಅದರ ನಿಜವಾದ ತಾಕತ್ತು ಇರುವುದು ಲೈಬ್ರರಿಗಳಲ್ಲಿ. ನಮ್ಮ ಟಿಲ್ಲರ್ ಇದೆಯಲ್ಲ, ಹಾಗೆ. ಖಾಲಿ ಇಂಜಿನ್ ಇಟ್ಟುಕೊಂಡು ಏನು ಮಾಡುತ್ತೀರಿ? ನೇಗಿಲು ಸಿಕ್ಕಿಸಿದರೆ ಉಳುತ್ತದೆ, ಟ್ರೇಲರ್ ಸಿಕ್ಕಿಸಿದರೆ ಗೊಬ್ಬರ ಹೊರುತ್ತದೆ, ಪಂಪು ಸಿಕ್ಕಿಸಿದರೆ ನೀರೆತ್ತುತ್ತದೆ. ಹಾಗೆಯೇ ಯಾರೋ ಪುಣ್ಯಾತ್ಮರು ಮೊದಲೇ ಬರೆದಿಟ್ಟ ಲೈಬ್ರರಿಗಳನ್ನು ಈ ಪೈಥಾನಿಗೆ ಸಿಕ್ಕಿಸಿಕೊಳ್ಳಬೇಕು. ನಂಪೈ ಎನ್ನುವ ಲೈಬ್ರರಿ ಲೆಕ್ಕ ಮಾಡುತ್ತದೆ. ಪಾಂಡಾಸ್ ಎನ್ನುವುದು ಪಟ್ಟಿ ಜೋಡಿಸುತ್ತದೆ. ಮ್ಯಾಟ್‌ಪ್ಲಾಟ್‌ಲಿಬ್ ಎನ್ನುವುದು ಚಿತ್ರ ಬಿಡಿಸುತ್ತದೆ. ಎಲ್ಲ ಪುಕ್ಕಟೆ! ನನಗೆ ಹುಚ್ಚು ಹಿಡಿಯದೆ ಇನ್ನೇನಾದೀತು?

ಲೈಬ್ರರಿಗಳನ್ನು ಇಂಟರ್‌ನೆಟ್ಟಿನಿಂದ ಇಳಿಸಿಕೊಳ್ಳಬೇಕು. ನಮ್ಮ ತೋಟದಲ್ಲಿ ಸಿಗ್ನಲ್ ಸರಿಯಾಗಿ ಸಿಗುವುದು ಒಂದೇ ಜಾಗದಲ್ಲಿ, ಮನೆಯ ಹಿಂದಿನ ನೀರಿನ ಟ್ಯಾಂಕಿನ ಮೇಲೆ. ಲ್ಯಾಪ್‌ಟಾಪನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು ಏಣಿ ಹತ್ತಿದೆ. ಕೆಳಗಿನಿಂದ ಹೆಂಡತಿ ಸುಮಿತ್ರ ಕೂಗಿದಳು.

"ರೀ, ಟ್ಯಾಂಕ್ ಮೇಲೆ ಎಂತ ಮಾಡ್ತಿದೀರಿ?"

"ಲೈಬ್ರರಿ ಇಳಿಸ್ತಿದೀನಿ!"

ಅವಳು ಏಣಿಯನ್ನೊಮ್ಮೆ, ನನ್ನನ್ನೊಮ್ಮೆ ನೋಡಿದಳು.

"ನಿಧಾನಕ್ಕೆ ಇಳಿಸಿ ಮಾರಾಯ್ರೇ. ಕೆಳಗೆ ನಾನು ಹಪ್ಪಳ ಒಣಗ್ಸಿದೀನಿ."

ಹೀಗೆ ಮೂರು ಲೈಬ್ರರಿಗಳು ನಮ್ಮ ಮನೆಗೆ ಬಂದವು. ಹಪ್ಪಳಕ್ಕೆ ಏನೂ ಆಗಲಿಲ್ಲ.

ವಿದ್ಯೆ ಬಂದ ಮೇಲೆ ಅದನ್ನು ನಾಲ್ಕು ಜನಕ್ಕೆ ಹೇಳದಿದ್ದರೆ ಹೊಟ್ಟೆ ಉಬ್ಬರಿಸುತ್ತದೆ. ಮೊದಲು ಹೇಳಿದ ಹೋಟೆಲಿನ ಭಾಷಣ ಆದದ್ದು ಆಗಲೇ, ಜನವರಿಯಲ್ಲಿ. ಪಕ್ಕದ ತೋಟದ ಮಂಜಣ್ಣ, ನನ್ನ ಬಾಲ್ಯದ ಗೆಳೆಯ, ಕಡುಬು ಮುರಿಯುತ್ತಾ ಕೇಳಿದ.

"ಅಲ್ಲ ಮಾರಾಯ, ಮಳೆ ಲೆಕ್ಕ ಹಾಕೋದು ಅಂದ್ರೆ ಹುಡುಗಾಟವಾ? ಅಷ್ಟೆಲ್ಲ ಲೆಕ್ಕ ನಿಂಗೆಲ್ಲಿ ಬರ್ತದೆ?"

"ನಾನೆಲ್ಲಿ ಮಾಡ್ತೀನಿ? ಲೆಕ್ಕ ಪೂರ್ತಿ ನಂಪೈ ಮಾಡ್ತದೆ."

"ನಮ್ ಪೈ? ಯಾವ ಪೈ? ಕಳಸದಲ್ಲಿ ಬಟ್ಟೆ ಅಂಗಡಿ ಇದ್ಯಲ್ಲ, ಅವ್ರಾ?"

"ಅವ್ರಲ್ಲ, ಇದು ಬೇರೆ. ಎಷ್ಟು ಲಕ್ಷ ಅಂಕಿ ಕೊಟ್ರೂ ಚಿಟಿಕೆ ಹೊಡೆಯೋದ್ರೊಳಗೆ ಕೂಡ್ತದೆ."

"ಅಷ್ಟು ಬುದ್ಧಿವಂತ್ರಿಗೆ 'ಮಾಡ್ತದೆ, ಕೂಡ್ತದೆ' ಅಂತೀಯಲ್ಲ, ನಾಚಿಕೆ ಆಗಲ್ವಾ? 'ಮಾಡ್ತಾರೆ' ಅನ್ನು!"

ಹೋಟೆಲಿನವರೆಲ್ಲ ಮಂಜಣ್ಣನ ಪಕ್ಷ. ವಿದ್ಯಾವಂತರಿಗೆ ಮರ್ಯಾದೆ ಕೊಡಬೇಕು ಎಂದು ನನಗೆ ಬುದ್ಧಿ ಹೇಳಿದರು. ವಿವರಿಸಲು ಹೊರಟರೆ ಕಡುಬು ಆರಿಹೋಗುತ್ತದೆ. "ಸರಿ, ಮಾಡ್ತಾರೆ" ಎಂದೆ. ಅಂದಿನಿಂದ ನಮ್ಮ ಸೀಮೆಯಲ್ಲಿ ಮಂಗಳೂರಿನ ಕಡೆಯ ಯಾರೋ ಘನವಿದ್ವಾಂಸ ಪೈಗಳು ನನಗೆ ಮಳೆಯ ಲೆಕ್ಕ ಮಾಡಿಕೊಡುತ್ತಾರೆ ಎಂದಾಯಿತು.

"ಹಂಗಾದ್ರೆ ಒಂದು ಕೆಲಸ ಮಾಡು" ಎಂದ ಮಂಜಣ್ಣ. "ನಿಮ್ಮ ಪೂರ್ವಿ ಮದುವೆಗೆ ಮಳೆ ಬರದ ದಿನ ಯಾವ್ದು ಅಂತ ಪೈಗಳ ಹತ್ರ ಕೇಳ್ಸು ನೋಡೋಣ."

ಅವನು ತಮಾಷೆಗೆ ಹೇಳಿದ. ನನಗೆ ಮೈಯೆಲ್ಲ ರೋಮಾಂಚನವಾಯಿತು!

ವಿಷಯ ಹೀಗಿತ್ತು. ಪೂರ್ವಿಗೆ ಕಳಸದ ಕಡೆಯ ಹುಡುಗನ ಜೊತೆ ಮದುವೆ ನಿಶ್ಚಯವಾಗಿತ್ತು. ಲಲಿತಕ್ಕ ಮೂಡಿಗೆರೆಯಲ್ಲಿ ಕಲ್ಯಾಣ ಮಂಟಪ ನೋಡಿಟ್ಟಿದ್ದಳು. ಆದರೆ ಪೂರ್ವಿಗೆ ಒಂದೇ ಆಸೆ. ಅವಳು ಹುಟ್ಟಿದ್ದು ಅಜ್ಜಿಮನೆಯಾದ ನಮ್ಮ ತೋಟದಲ್ಲಿ. ಕಾಫಿ ಒಣಗಿಸುವ ಸಿಮೆಂಟಿನ ಕಣದಲ್ಲೇ ಮೊದಲ ಹೆಜ್ಜೆ ಇಟ್ಟದ್ದು, ಅಲ್ಲೇ ಸೈಕಲ್ ಕಲಿತದ್ದು, ಅಲ್ಲೇ ಹಲ್ಲು ಮುರಿದುಕೊಂಡದ್ದು. ಧಾರೆಯೂ ಆ ಕಣದಲ್ಲೇ ಆಗಬೇಕು, ತಲೆಯ ಮೇಲೆ ಶಾಮಿಯಾನ ಇರಬಾರದು, ಸುತ್ತ ಬೆಟ್ಟ ಕಾಣಬೇಕು ಎಂದು ಅವಳ ಹಟ. ಭಟ್ಟರು ಮೂರು ಮುಹೂರ್ತ ಕೊಟ್ಟಿದ್ದರು. ಏಪ್ರಿಲ್ ಇಪ್ಪತ್ತಾರು, ಮೇ ಒಂದು, ಮೇ ಹತ್ತು. ನಮ್ಮ ಕಡೆ ಆ ದಿನಗಳಲ್ಲಿ ಬೆಳಿಗ್ಗೆ ಬಿಸಿಲಿದ್ದರೆ ಮಧ್ಯಾಹ್ನ ಗುಡುಗು. ಇವತ್ತು ಬಂದೀತೋ ನಾಳೆ ಬಂದೀತೋ ದೇವರಿಗೇ ಗೊತ್ತಿಲ್ಲ.

"ಮಳೆ ಬಂದ್ರೆ ಎಂತ ಮಾಡ್ತೀಯೇ?" ಎಂದು ಆ ಜನವರಿಯಲ್ಲೇ ಒಂದು ದಿನ ನಮ್ಮ ಮನೆಗೆ ಬಂದಿದ್ದ ಲಲಿತಕ್ಕ ಮಗಳನ್ನು ಗದರಿದಳು. "ಧಾರೆ ಒಂದೇ ಸಲ ಆಗೋದು. ಹಾಲ್‌ನಲ್ಲೇ ಆಗ್ಲಿ."

ಪೂರ್ವಿಯ ಮುಖ ಸಣ್ಣಗಾಯಿತು. ಸೋದರಮಾವನಾದವನು ಇಂಥ ಹೊತ್ತಿನಲ್ಲಿ ಸುಮ್ಮನಿರಬಹುದೇ? ನಾನು ಎದ್ದು ನಿಂತೆ.

"ಅಕ್ಕ, ಈ ಮೂರರಲ್ಲಿ ಮಳೆ ಬರದ ದಿನ ಯಾವ್ದು ಅಂತ ನಾನು ಹೇಳ್ತೀನಿ. ಅಂದಾಜಲ್ಲ, ಲೆಕ್ಕ! ನಾನು ಹೊಣೆ!"

"ನೀನು ಹೊಣೆ ಅಂತಲೇ ನಂಗೆ ಹೆದರಿಕೆ" ಎಂದಳು ಲಲಿತಕ್ಕ. ಪೂರ್ವಿ ಮಾತ್ರ ಬಂದು ನನ್ನ ಕೈ ಹಿಡಿದುಕೊಂಡಳು. ಆ ಕ್ಷಣಕ್ಕೆ ನಾನು ಆಕಾಶಕ್ಕೇ ಬೀಗ ಹಾಕಿಬಿಡಬಲ್ಲವನಾಗಿದ್ದೆ.

ಲೆಕ್ಕಕ್ಕೆ ಬೇಕಾದ ಸರಕು ಮನೆಯಲ್ಲೇ ಇತ್ತು. ಮೂವತ್ತೊಂದು ವರ್ಷದ ಮಳೆ ಪುಸ್ತಕಗಳು! ಅದನ್ನು ಬರೆದವರು ನಮ್ಮ ರೈಟರ್ ಅಣ್ಣಪ್ಪ. ತೋಟದ ರೈಟರ್ ಎಂದರೆ ಕಥೆ ಕವನ ಬರೆಯುವವರಲ್ಲ. ಆಳುಗಳ ಹಾಜರಿ, ಗೊಬ್ಬರದ ದಾಸ್ತಾನು, ಮಳೆ ಎಲ್ಲವನ್ನೂ ಬರೆಯುವವರು. ಅಣ್ಣಪ್ಪ ದಿನಾ ಸಂಜೆ ಕೆಲಸ ಬಿಡುವ ಹೊತ್ತಿಗೆ ಕಣದ ಅಂಚಿನಲ್ಲಿರುವ ಮಳೆ ಅಳೆಯುವ ಡಬ್ಬಿಯ ಹತ್ತಿರ ಹೋಗಿ, ನೀರನ್ನು ಗಾಜಿನ ಕೊಳವೆಗೆ ಬಗ್ಗಿಸಿ, ಕಣ್ಣಿನ ಮಟ್ಟಕ್ಕೆ ಹಿಡಿದು ನೋಡಿ, ಪುಸ್ತಕದಲ್ಲಿ ಬರೆಯುತ್ತಾರೆ. ನಮ್ಮಲ್ಲಿ ಮಳೆಯನ್ನು ಈಗಲೂ ಇಂಚು ಸೆಂಟಿನಲ್ಲೇ ಹೇಳುವುದು. ನೂರು ಸೆಂಟಿಗೆ ಒಂದು ಇಂಚು. ಒಂದು ಇಂಚು ಐದು ಸೆಂಟು ಬಂದರೆ ಅಣ್ಣಪ್ಪ 1-5 ಎಂದು ಬರೆಯುತ್ತಾರೆ. ಎರಡು ಇಂಚು ನಲವತ್ತು ಸೆಂಟು ಬಂದರೆ 2-40.

ಸುಮಿತ್ರ ಓದಿ ಹೇಳುವುದು, ನಾನು ಒಂದೊಂದೇ ಬೆರಳಿನಲ್ಲಿ ಒತ್ತುವುದು. ಹೀಗೆ ಮೂರು ವಾರ ನಡೆಯಿತು.

"ಒಂದು ಐದು... ಗೆರೆ... ಗೆರೆ... ಮೂವತ್ತು ಸೆಂಟು... ಇಲ್ಲಿ ಗೆರೆ ಇಲ್ಲ, ಖಾಲಿ ಇದೆ ಮಾರಾಯ್ರೇ. ಎಂತ ಹಾಕೋದು?"

"ಎಂತದೂ ಹಾಕ್ಬೇಡ, ಮುಂದೆ ಓದು. ಗೆರೆ ಆದ್ರೂ ಮಳೆ ಇಲ್ಲ, ಖಾಲಿ ಆದ್ರೂ ಮಳೆ ಇಲ್ಲ."

"ಅಣ್ಣಪ್ಪನವ್ರನ್ನ ಒಂದು ಮಾತು ಕೇಳ್ಬಹುದಿತ್ತಲ್ಲ? ಆಫೀಸ್ ಜಗಲೀಲೇ ಕೂತಿದಾರೆ."

"ಖಾಲಿ ಜಾಗ ತುಂಬ್ಲಿಕ್ಕೆ ಪಾಂಡಾಸ್ ಒಳಗೇ ಆಜ್ಞೆ ಇದೆ ಸುಮಿತ್ರಾ! ಒಂದೇ ಸಾಲು. ಎಲ್ಲೆಲ್ಲಿ ಖಾಲಿ ಇದೆಯೋ ಅಲ್ಲೆಲ್ಲ ಸೊನ್ನೆ ಕೂರಿಸ್ಬಿಡ್ತದೆ. ಇಷ್ಟು ಒಳ್ಳೆ ಲೈಬ್ರರಿ ಇಟ್ಕೊಂಡು ಅಣ್ಣಪ್ಪನವ್ರನ್ನ ಯಾಕೆ ಕೇಳ್ಬೇಕು?"

ಕೊನೆಗೊಂದು ದಿನ ಎಲ್ಲ ಅಂಕಿಗಳನ್ನೂ ಪಾಂಡಾಸಿಗೆ ಉಣಿಸಿ, ದೇವರ ಫೋಟೋಕ್ಕೆ ಕೈಮುಗಿದು ಗುಂಡಿ ಒತ್ತಿದೆ. ಬಂದ ಉತ್ತರ ನೋಡಿ ಕಣ್ಣು ಕತ್ತಲಿಟ್ಟಿತು. ತಾರೀಕು ಗುರುತಿಸುವ ಆಜ್ಞೆಯನ್ನು ನಾನು ಉತ್ಸಾಹದಲ್ಲಿ ಎಲ್ಲ ಕಾಲಮ್ಮುಗಳಿಗೂ ಕೊಟ್ಟುಬಿಟ್ಟಿದ್ದೆ! ಅಣ್ಣಪ್ಪನವರ 1-5 ಎನ್ನುವ ಮಳೆಯನ್ನು ಅದು ಜನವರಿ ಐದನೇ ತಾರೀಕು ಎಂದು ಓದಿತ್ತು. ಅಂದರೆ ನಮ್ಮ ತೋಟದಲ್ಲಿ ಒಂದಾನೊಂದು ಜುಲೈಯಲ್ಲಿ ಬಿದ್ದ ಮಳೆ ಎಷ್ಟಪ್ಪಾ ಎಂದರೆ, ಜನವರಿ ಐದರಷ್ಟು!

ಎದೆಗುಂದಲಿಲ್ಲ. ಅಡ್ಡಗೆರೆ ಇದ್ದದ್ದಕ್ಕೆ ತಾನೇ ತಾರೀಕಾದದ್ದು? ಗೆರೆ ಕಿತ್ತು ಚುಕ್ಕಿ ಇಟ್ಟೆ. 1-5 ಹೋಗಿ 1.5 ಆಯಿತು. ಹೆಮ್ಮೆಯಿಂದ ಸುಮಿತ್ರಳನ್ನು ಕರೆದು ತೋರಿಸಿದೆ. ಅವಳು ಕನ್ನಡಕ ಏರಿಸಿ ನೋಡಿ ಹೇಳಿದಳು:

"ಅಣ್ಣಪ್ಪನವ್ರು ಬರ್ದದ್ದು ಒಂದು ಇಂಚು ಐದು ಸೆಂಟು. ನೀವು ಒಂದೂವರೆ ಇಂಚು ಮಾಡಿದೀರಿ. ದೇವ್ರು ಕೊಡದ ಮಳೆ ನೀವ್ಯಾಕೆ ಕೊಡ್ತೀರಿ?"

ಅದನ್ನೂ ತಿದ್ದಿದೆ. ಎರಡು ತಪ್ಪು ಸಿಕ್ಕಿ ಎರಡೂ ಸರಿಯಾದ ಮೇಲೆ ಮನುಷ್ಯನಿಗೆ ಒಂದು ಬಗೆಯ ಧೈರ್ಯ ಬರುತ್ತದೆ. ಮೂರನೆಯ ತಪ್ಪು ಇರಲಾರದು ಎಂಬ ಧೈರ್ಯ!

ಇನ್ನು ಚಿತ್ರ. ಇಂಗ್ಲಿಷಿನಲ್ಲಿ ಇದಕ್ಕೆ ಪ್ಲಾಟ್ ಹಾಕುವುದು ಎನ್ನುತ್ತಾರೆ. ಅದೇ ಹೊತ್ತಿಗೆ ಮಂಜಣ್ಣ ಫೋನ್ ಮಾಡಿ "ಎಂತ ಮಾಡ್ತಿದೀಯ" ಎಂದು ಕೇಳಬೇಕೇ? "ಮಾತಾಡ್ಲಿಕ್ಕೆ ಪುರುಸೊತ್ತಿಲ್ಲ ಮಾರಾಯ, ಪ್ಲಾಟ್ ಹಾಕ್ತಾ ಇದೀನಿ" ಎಂದು ಫೋನ್ ಇಟ್ಟೆ. ಅರ್ಧ ಗಂಟೆ ಕಳೆದಿರಲಿಲ್ಲ, ಮೂಡಿಗೆರೆಯಿಂದ ಲಲಿತಕ್ಕನ ಫೋನ್.

"ಚಂದ್ರು, ಅಪ್ಪ ಮಾಡಿದ ತೋಟ ಪ್ಲಾಟ್ ಮಾಡಿ ಮಾರ್ತೀಯಂತೆ? ಯಾರೋ ಪೈ ಜೊತೆ ಸೇರ್ಕೊಂಡಿದೀಯಂತೆ? ನಾನಿನ್ನೂ ಬದುಕಿದೀನಿ ಕಣೋ!"

ಆ ಹೊತ್ತಿಗೆ ಅವಳಿಗೆ ಅಳು ಬೇರೆ ಬಂದಿತ್ತು. ಪೈ ಎಂದರೆ ಮನುಷ್ಯನಲ್ಲ, ಪ್ಲಾಟ್ ಎಂದರೆ ಸೈಟಲ್ಲ, ಲೈಬ್ರರಿ ಎಂದರೆ ಪುಸ್ತಕದ ಮನೆಯಲ್ಲ ಎಂದು ಬಿಡಿಸಿ ಹೇಳುವುದರಲ್ಲಿ ನನ್ನ ಗಂಟಲು ಒಣಗಿತು. ಎಲ್ಲ ಕೇಳಿ ಅವಳು ಕೊನೆಗೆ ಒಂದೇ ಮಾತು ಕೇಳಿದಳು. "ಹಂಗಾದ್ರೆ ನೀನು ಹೇಳೋದು ಯಾವ್ದೂ ಅದಲ್ವಾ?"

ಆದರೆ ಚಿತ್ರ! ಆ ಚಿತ್ರ ತೆರೆಯ ಮೇಲೆ ಮೂಡಿದಾಗ ನಾನು ಕುರ್ಚಿಯಿಂದ ಎದ್ದೇಬಿಟ್ಟೆ. ಏಪ್ರಿಲ್ ನಡುವಿನಿಂದ ಮೇ ನಡುವಿನವರೆಗೆ ದಿನಕ್ಕೊಂದು ನೀಲಿ ಕಂಬ. ಮಳೆ ಹೆಚ್ಚಾದಷ್ಟೂ ಕಂಬ ಎತ್ತರ. ಏಪ್ರಿಲ್ ಇಪ್ಪತ್ತಾರಕ್ಕೆ ಮಧ್ಯಮ ಕಂಬ. ಮೇ ಹತ್ತಕ್ಕೆ ದಪ್ಪ ಕಂಬ. ಮೇ ಒಂದಕ್ಕೆ? ಕಂಬವೇ ಇಲ್ಲ! ಮೂವತ್ತೊಂದು ವರ್ಷಗಳಲ್ಲಿ ಒಮ್ಮೆಯೂ, ಒಂದೇ ಒಂದು ಹನಿಯೂ ಇಲ್ಲ! ಮರುದಿನ, ಮೇ ಎರಡಕ್ಕೆ, ಇಡೀ ಚಿತ್ರದಲ್ಲೇ ಎಲ್ಲಕ್ಕಿಂತ ಎತ್ತರದ ಕಂಬ.

ಇದಕ್ಕೊಂದು ವೈಜ್ಞಾನಿಕ ವಿವರಣೆಯೂ ನನಗೆ ತಕ್ಷಣ ಹೊಳೆಯಿತು. ಮೇ ಒಂದರಂದು ಚಾರ್ಮಾಡಿ ಕಡೆಯ ಗಾಳಿ ಉಸಿರು ಬಿಗಿಹಿಡಿದು ನಿಲ್ಲುತ್ತದೆ. ಎರಡರಂದು ತಡೆಯಲಾರದೆ ಬಿಟ್ಟುಬಿಡುತ್ತದೆ. ಈ ಸತ್ಯವನ್ನು ಇಷ್ಟು ವರ್ಷ ಯಾವ ವಿಜ್ಞಾನಿಯೂ ಕಂಡುಹಿಡಿದಿರಲಿಲ್ಲ. ಯಾಕೆ ಕಂಡುಹಿಡಿದಿರಲಿಲ್ಲ ಎಂದು ನಾನು ಯೋಚಿಸಬೇಕಾಗಿತ್ತು. ಯೋಚಿಸಲಿಲ್ಲ!

ಚಿತ್ರವನ್ನು ಬಣ್ಣದಲ್ಲಿ ಪ್ರಿಂಟ್ ಹಾಕಿಸಿ, ಲ್ಯಾಮಿನೇಶನ್ ಮಾಡಿಸಿ, ಲಲಿತಕ್ಕನ ಎದುರು ಹಿಡಿದೆ. ಅವಳು ಎಡದಿಂದ ನೋಡಿದಳು, ಬಲದಿಂದ ನೋಡಿದಳು, ತಲೆಕೆಳಗು ಮಾಡಿಯೂ ನೋಡಿದಳು. ಹೇಗೆ ನೋಡಿದರೂ ಮೇ ಒಂದು ಖಾಲಿ. ಪೂರ್ವಿ "ಅಮ್ಮಾ, ಮೂವತ್ತೊಂದು ವರ್ಷ!" ಎಂದು ಕುಣಿದಳು. ಲಲಿತಕ್ಕ ನಿಟ್ಟುಸಿರು ಬಿಟ್ಟು ಕಲ್ಯಾಣ ಮಂಟಪದವರಿಗೆ ಬೇಡವೆಂದು ಫೋನ್ ಮಾಡಿದಳು. ಮೇ ಒಂದು, ಮಧ್ಯಾಹ್ನ ಹನ್ನೆರಡೂ ಕಾಲು, ನಮ್ಮ ಕಣದಲ್ಲಿ ಧಾರೆ ಎಂದು ಲಗ್ನಪತ್ರಿಕೆ ಅಚ್ಚಾಯಿತು.

ಪತ್ರಿಕೆ ಕೈಗೆ ಕೊಟ್ಟಾಗ ಅಣ್ಣಪ್ಪ ತಲೆ ಕೆರೆದುಕೊಂಡರು.

"ಮೇ ಒಂದಾ ಗೌಡ್ರೇ? ಅವತ್ತು ನಾನು..."

"ಗೊತ್ತು ಅಣ್ಣಪ್ಪನವ್ರೇ, ಅವತ್ತು ನಿಮ್ಗೆ ರಜೆ. ಮದುವೆಗೋಸ್ಕರ ಈ ಒಂದು ವರ್ಷ ಆ ರಜೆ ತಗೋಬೇಡಿ. ಬೇಕಾದ್ರೆ ಆಮೇಲೆ ಎರಡು ದಿನ ತಗೊಳ್ಳಿ."

"ಅದಲ್ಲ ಗೌಡ್ರೇ, ಆ ಮಳೆ ಪುಸ್ತಕದಲ್ಲಿ..."

"ಪುಸ್ತಕ ಪೂರ್ತಿ ಕಂಪ್ಯೂಟರಿಗೆ ಹಾಕಿಯಾಯ್ತು. ನೀವು ಆರಾಮಾಗಿ ಊಟಕ್ಕೆ ಬನ್ನಿ!"

ಅಣ್ಣಪ್ಪ ದೊಡ್ಡವರ ಮಾತಿಗೆ ಅಡ್ಡ ಬರುವವರಲ್ಲ. ಸುಮ್ಮನಾದರು.

ಮದುವೆಗೆ ಎರಡು ದಿನ ಇದ್ದಾಗ ಹುಡುಗನ ತಂದೆ ಕಳಸದಿಂದ ಫೋನ್ ಮಾಡಿ, ತುಂಬಾ ಮರ್ಯಾದೆಯಿಂದ, "ಯಾವುದಕ್ಕೂ ಒಂದೆರಡು ಟಾರ್ಪಾಲು ರೆಡಿ ಇಟ್ಕೊಂಡಿದ್ರೆ ಒಳ್ಳೇದಿತ್ತೋ ಏನೋ" ಎಂದರು. ನನಗೆ ಅವಮಾನವಾಯಿತು. ಲೆಕ್ಕದ ಮೇಲೆ ಇಷ್ಟು ಅಪನಂಬಿಕೆಯೇ? ಅವತ್ತು ಸಂಜೆ ಮಂಜಣ್ಣ ಕಾಳುಮೆಣಸು ಮುಚ್ಚಲು ಒಂದು ಟಾರ್ಪಾಲು ಕೇಳಿಕೊಂಡು ಬಂದ. "ಒಂದ್ಯಾಕೆ ಮಾರಾಯ, ಎಲ್ಲ ತಗೊಂಡು ಹೋಗು! ನಂಗೆ ಬೇಕಾಗಿಲ್ಲ" ಎಂದು ಮನೆಯಲ್ಲಿದ್ದ ಆರೂ ಟಾರ್ಪಾಲುಗಳನ್ನು ಅವನ ಜೀಪಿಗೆ ಹೇರಿಸಿದೆ. ಸುಮಿತ್ರ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. ಏನೂ ಹೇಳಲಿಲ್ಲ. ಹೆಂಡತಿ ಏನೂ ಹೇಳದಿದ್ದಾಗ ಗಂಡನಾದವನು ಎಚ್ಚರವಾಗಬೇಕು.

ಮೇ ಒಂದು ಬಂತು. ಏನು ಬಿಸಿಲು! ಏನು ನೀಲಿ ಆಕಾಶ! ಕಣವನ್ನು ತೊಳೆದು ರಂಗೋಲಿ ಹಾಕಿ, ನಡುವೆ ಬಾಳೆಕಂಬದ ಮಂಟಪ ನಿಲ್ಲಿಸಿ, ಜಮಖಾನ ಹಾಸಿತ್ತು. ಹೂವಿನ ಅಲಂಕಾರದವರು ಕಣದಲ್ಲಿ ಒಂದು ಮೂಲೆಯನ್ನೂ ಖಾಲಿ ಬಿಟ್ಟಿರಲಿಲ್ಲ. ಹತ್ತು ಗಂಟೆಗೆ ಕಳಸದ ದಿಬ್ಬಣ ಬಂದಿಳಿಯಿತು. ನಾನು ಲ್ಯಾಮಿನೇಶನ್ ಚಿತ್ರವನ್ನು ಬಾಗಿಲ ಬಳಿಯೇ, ಪನ್ನೀರು ಚಿಮುಕಿಸುವ ಜಾಗದ ಪಕ್ಕ ನೇತುಹಾಕಿದ್ದೆ. ಬಂದವರೆಲ್ಲ ನೋಡಿ "ಹೋ!" ಎಂದರು. "ಆ ಪೈಗಳು ಬಂದಿದಾರಾ, ತೋರ್ಸಿ" ಎಂದು ನಾಲ್ಕಾರು ಜನ ಕೇಳಿದರು. "ಅವರು ಎಲ್ಲಿಗೂ ಹೋಗುವವರಲ್ಲ" ಎಂದೆ. ವಿದ್ವಾಂಸರ ಮೇಲೆ ಅವರ ಗೌರವ ಇನ್ನೂ ಹೆಚ್ಚಿತು.

ಹನ್ನೊಂದೂವರೆಗೆ ಗುಡ್ಡದ ಹಿಂದಿನಿಂದ ಒಂದು ಕರಿ ಮೋಡ ಇಣುಕಿತು. ಹನ್ನೆರಡಕ್ಕೆ ಅದರ ನೆಂಟರಿಷ್ಟರೆಲ್ಲ ಬಂದು ಸೇರಿದರು.

"ಮಾರಾಯ" ಎಂದು ಮಂಜಣ್ಣ ಕಿವಿಯಲ್ಲಿ ಪಿಸುಗುಟ್ಟಿದ, "ಪೈಗಳಿಗೆ ಒಂದು ಫೋನ್ ಹಾಕಿ ಕೇಳು."

"ಹೆದರ್ಬೇಡ. ಅದು ನಾಳೆಯ ಮೋಡ" ಎಂದೆ.

ಅಷ್ಟರಲ್ಲಿ ಭಟ್ಟರು "ಸೋದರಮಾವ ಹೆಣ್ಣನ್ನು ಕರ್ಕೊಂಡು ಬರ್ಬೇಕು" ಎಂದರು. ಪೂರ್ವಿಯ ಕೈ ಹಿಡಿದು ಕಣಕ್ಕಿಳಿದೆ. ನನ್ನ ಕಣ್ಣು ತುಂಬಿ ಬಂತು. ಏಳು ಹೆಜ್ಜೆ ಹೋಗಿರಬಹುದು, ನನ್ನ ಬೋಳು ನೆತ್ತಿಯ ಮೇಲೆ ಟಪ್ ಎಂದಿತು.

"ಮಾವ, ಮಳೆ?"

"ಬೆವರು ಕಣಮ್ಮ."

ಎರಡನೆಯ ಬೆವರು ಕೋಳಿಮೊಟ್ಟೆಯಷ್ಟಿತ್ತು. ಮೂರನೆಯದನ್ನು ಎಣಿಸಲು ಸಮಯ ಸಿಗಲಿಲ್ಲ. ಆಕಾಶಕ್ಕೆ ಆಕಾಶವೇ ಕಳಚಿ ಬಿತ್ತು!

ಆಗ ನಡೆದದ್ದನ್ನು ಬೇರೆ ಊರಿನವರು ನಂಬಲಾರರು. ಬಂದವರಲ್ಲಿ ಮುಕ್ಕಾಲು ಪಾಲು ಕಾಫಿಯವರು. ಕಣದಲ್ಲಿ ಹರವಿದ ಕಾಫಿಯ ಮೇಲೆ ಮಳೆ ಬಂದರೆ ಏನು ಮಾಡಬೇಕೆಂದು ನಮ್ಮವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ, ಅದು ರಕ್ತದಲ್ಲೇ ಇದೆ. ಯಾರೋ "ಕಣಕ್ಕೆ ಮಳೆ!" ಎಂದು ಕೂಗಿದರು. ಅಷ್ಟೇ! ರೇಷ್ಮೆ ಸೀರೆಯ ಹೆಂಗಸರು ಸೆರಗು ಸಿಕ್ಕಿಸಿದರು, ಗರಿಗರಿ ಪಂಚೆಯ ಗಂಡಸರು ಪಂಚೆ ಎತ್ತಿ ಕಟ್ಟಿದರು. ಕಣ್ಣು ಮಿಟುಕಿಸುವುದರೊಳಗೆ ಎಲ್ಲರೂ ಜಮಖಾನದ ನಾಲ್ಕು ಅಂಚು ಹಿಡಿದು ನಡುವಿಗೆ ರಾಶಿ ಮಾಡಿದರು. ತೆಂಗಿನಕಾಯಿ, ಅಕ್ಷತೆ, ಕಳಶ, ಭಟ್ಟರ ಚೀಲ, ಹಸೆಮಣೆಯ ಮೇಲೆ ಕೂತಿದ್ದ ಮದುಮಗ, ಎಲ್ಲ ಒಂದೇ ಗಂಟು! "ಟಾರ್ಪಾಲು! ಟಾರ್ಪಾಲು!" ಎಂದು ನೂರು ಗಂಟಲು ಒಟ್ಟಿಗೆ ಕೂಗಿದವು. ಮಂಜಣ್ಣ ನನ್ನನ್ನು ನೋಡಿದ. ನಾನು ಮಂಜಣ್ಣನನ್ನು ನೋಡಲಿಲ್ಲ.

ಗಂಟನ್ನು ಹನ್ನೆರಡು ಜನ ಹೊತ್ತು ಕಣದ ಪಕ್ಕದ ಗೋಡೌನಿಗೆ ಸಾಗಿಸಿದರು. ಒಳಗೆ ಮೆಣಸಿನ ಚೀಲಗಳನ್ನು ಬದಿಗೆ ಎಳೆದು ಜಾಗ ಮಾಡಿ ಮದುಮಗನನ್ನು ಬಿಚ್ಚಿದಾಗ ಮುಹೂರ್ತಕ್ಕೆ ಎರಡು ನಿಮಿಷ ಉಳಿದಿತ್ತು. ಭಟ್ಟರು ಒದ್ದೆ ಪಂಚೆಯಲ್ಲೇ ಮಂತ್ರ ಶುರು ಮಾಡಿದರು. ಎಳೆದ ಚೀಲಗಳಿಂದ ಮೆಣಸಿನ ಧೂಳು ಎದ್ದಿತ್ತು. ಧಾರೆ ಎರೆಯಲು ಲಲಿತಕ್ಕ ಗಿಂಡಿ ಎತ್ತಿದ್ದೇ ತಡ, ಮದುಮಗ "ಆಕ್ಷೀ!" ಎಂದ.

ಶುಭಕಾರ್ಯದಲ್ಲಿ ಒಂಟಿ ಸೀನು! ಹುಡುಗನ ತಾಯಿಯ ಮುಖ ಬಿಳಿಚಿತು. ಆದರೆ ಮರುಕ್ಷಣ ಪೂರ್ವಿ ಸೀನಿದಳು. ಲಲಿತಕ್ಕ ಸೀನಿದಳು. ಓಲಗದವನು ಓಲಗದೊಳಗೇ ಸೀನಿದ. ಭಟ್ಟರು ತಾವೂ ಎರಡು ಸಲ ಸೀನಿ, ಮೂಗು ಒರೆಸಿಕೊಂಡು, ಗಂಭೀರವಾಗಿ ತೀರ್ಪು ಕೊಟ್ಟರು.

"ಒಂಟಿ ಸೀನಿಗೆ ದೋಷ. ಇದು ಸಾಮೂಹಿಕ. ಇದಕ್ಕೆ ಶಾಸ್ತ್ರದಲ್ಲಿ ಎಂತದೂ ಹೇಳಿಲ್ಲ. ಮಾಂಗಲ್ಯ ತನ್ನಿ!"

ತಾಳಿ ಕಟ್ಟಿದ್ದು ಸರಿಯಾದ ಗಳಿಗೆಗೇ. ಪೂರ್ವಿ ಒದ್ದೆ ಕೂದಲಲ್ಲಿ, ಕೆಂಪು ಮೂಗಿನಲ್ಲಿ ನಗುತ್ತಿದ್ದಳು. ಆದರೆ ಗೋಡೌನಿನ ಬಾಗಿಲಿನಿಂದಾಚೆ, ಮಳೆಯಲ್ಲಿ ಕಾಣದಾದ ಕಣದ ಕಡೆಗೆ ಒಮ್ಮೆ ತಿರುಗಿ ನೋಡಿದಳು. ಅದನ್ನು ನಾನು ಕಂಡೆ.

ನನ್ನ ಪಕ್ಕದಲ್ಲಿ ಅಣ್ಣಪ್ಪ ನಿಂತಿದ್ದರು. ಅವರ ಮುಖದಲ್ಲಿ ಮಾತ್ರ ಅಪಾರ ಆಶ್ಚರ್ಯ.

"ಗೌಡ್ರೇ, ಮೇ ಒಂದಕ್ಕೆ ಈ ತೋಟದಲ್ಲಿ ಇಂಥಾ ಮಳೆ ಬರ್ತದೆ ಅಂತ ನಂಗೆ ಗೊತ್ತೇ ಇರ್ಲಿಲ್ಲ!"

"ಎಂತ? ಮೂವತ್ತೊಂದು ವರ್ಷ ಬರೆದವ್ರು ನೀವೇ ಅಲ್ವಾ?"

"ಮೇ ಒಂದು ಕಾರ್ಮಿಕರ ರಜೆ ಅಲ್ವಾ ಗೌಡ್ರೇ. ವರ್ಷಾ ಅವತ್ತು ನಾನು ಬೆಳಗಿನ ಬಸ್ಸಿಗೆ ಸಂಸೆಗೆ ತಂಗಿ ಮನೆಗೆ ಹೋಗ್ತೀನಿ. ಮರುದಿನ ಬಂದು ಎರಡೂ ದಿನದ್ದು ಒಟ್ಟಿಗೆ ಅಳೆದು ಎರಡನೇ ತಾರೀಕಿಗೆ ಬರೀತೀನಿ."

"ಹಂಗಾದ್ರೆ... ಮೇ ಒಂದಕ್ಕೆ?"

"ಖಾಲಿ ಬಿಡ್ತೀನಿ. ಮಳೆ ಇಲ್ಲದಿದ್ರೆ ಗೆರೆ ಹಾಕ್ತೀನಿ. ಡಬ್ಬಿ ನೋಡದಿದ್ರೆ ಖಾಲಿ. ಕಣ್ಣಲ್ಲಿ ನೋಡದ್ದನ್ನ ಹೆಂಗೆ ಬರೆಯೋದು ಗೌಡ್ರೇ?"

ಚಾರ್ಮಾಡಿಯ ಗಾಳಿ ಉಸಿರು ಬಿಗಿಹಿಡಿದಿರಲಿಲ್ಲ. ಅಣ್ಣಪ್ಪ ಸಂಸೆಗೆ ಹೋಗಿದ್ದರು! ಮೂವತ್ತೊಂದು ವರ್ಷದ ಅಣ್ಣಪ್ಪನವರ ರಜೆಯನ್ನು ಮೂರು ಲೈಬ್ರರಿ ಸೇರಿಸಿ ಲೆಕ್ಕ ಹಾಕಿ, ಲ್ಯಾಮಿನೇಶನ್ ಮಾಡಿಸಿ, ಅದರ ಮೇಲೆ ನಾನು ಅಕ್ಕನ ಮಗಳ ಮದುವೆ ಇಟ್ಟಿದ್ದೆ. ಪಾಂಡಾಸಿನದು ತಪ್ಪಿಲ್ಲ. ಖಾಲಿ ಜಾಗಕ್ಕೆ ಸೊನ್ನೆ ಹಾಕು ಎಂದವನು ನಾನು. ಜಗಲಿಯಲ್ಲಿ ಕೂತಿದ್ದ ಮನುಷ್ಯನನ್ನು ಕೇಳದವನೂ ನಾನೇ. ಹಿಂದೆ ನಿಂತು ಎಲ್ಲ ಕೇಳಿಸಿಕೊಂಡ ಸುಮಿತ್ರ, ನನ್ನ ತಲೆ ಒರೆಸಲು ಒಂದು ಟವೆಲ್ ಕೊಟ್ಟಳು. ಆಗಲೂ ಏನೂ ಹೇಳಲಿಲ್ಲ. ಹೇಳಿದ್ದರೆ ಎಷ್ಟೋ ವಾಸಿಯಾಗಿತ್ತು!

ಗೋಡೌನಿನಲ್ಲೇ, ಚೀಲಗಳ ಮೇಲೆ ಎಲೆ ಇಟ್ಟು ಊಟವಾಯಿತು. ನಾಲ್ಕು ಗಂಟೆಗೆ ಮಳೆ ನಿಂತಿತು. ಪೂರ್ವಿ ಕಾರು ಹತ್ತುವ ಮೊದಲು ನೆಂದ ಕಣದಲ್ಲಿ ಬರಿಗಾಲಲ್ಲಿ ಒಂದು ಸುತ್ತು ನಡೆದು ಬಂದು, ನನ್ನ ಕಾಲಿಗೆ ನಮಸ್ಕಾರ ಮಾಡಿದಳು. "ಮಾವ, ಬೇಜಾರು ಮಾಡ್ಕೋಬೇಡಿ. ಮೆಣಸಿನ ಗೋಡೌನಲ್ಲಿ ಯಾರ ಮದುವೆ ಆಗಿದೆ ಹೇಳಿ?" ಎಂದಳು. ನಾನು ಕಾರಿನ ಬಾಗಿಲು ತೆರೆದು ಹಿಡಿದೆ. ದಿಬ್ಬಣ ಕಳಸದ ಕಡೆ ಹೊರಟಿತು.

ಎಲ್ಲರೂ ಹೋದ ಮೇಲೆ ಅಣ್ಣಪ್ಪ ಗಾಜಿನ ಕೊಳವೆ ಮತ್ತು ಪುಸ್ತಕ ಹಿಡಿದುಕೊಂಡು ಉತ್ಸಾಹದಿಂದ ಕಣಕ್ಕಿಳಿದರು. ಮೊದಲ ಬಾರಿಗೆ ಮೇ ಒಂದರ ಮಳೆ ಬರೆಯುವ ಅವಕಾಶ! ಲಲಿತಕ್ಕನೂ ನಾನೂ ಹಿಂದೆಯೇ ಹೋದೆವು. ಎಷ್ಟು ಇಂಚಿಗೆ ನನ್ನ ಮಾನ ಹೋಯಿತು ಎಂದು ನನಗೂ ತಿಳಿಯಬೇಕಿತ್ತು. ಅಣ್ಣಪ್ಪ ಮಳೆಯ ಡಬ್ಬಿಗೆ ಬಗ್ಗಿ ನೋಡಿ ಹಾಗೇ ನಿಂತರು. ಅಲಂಕಾರದವರು ಅದನ್ನು ಹೂಕುಂಡ ಎಂದುಕೊಂಡು ಬಾಯಿತನಕ ಸ್ಪಂಜು ತುರುಕಿ, ಮೇಲೆ ಗುಲಾಬಿ ಗೊಂಚಲು ಚುಚ್ಚಿದ್ದರು. ಬಿದ್ದ ನೀರೆಲ್ಲ ಸ್ಪಂಜಿನ ಮೇಲಿಂದ ಹೊರಗೆ ಹರಿದುಹೋಗಿತ್ತು, ಒಳಗೆ ಅಳೆಯಲು ಒಂದು ಚಮಚವೂ ಇರಲಿಲ್ಲ.

ಅಣ್ಣಪ್ಪ ಪುಸ್ತಕ ತೆರೆದು, ಪೆನ್ನಿನ ಕ್ಯಾಪ್ ತೆಗೆದು, ನನ್ನ ಮುಖ ನೋಡಿದರು.

"ಎಷ್ಟು ಬಂದಿರ್ಬಹುದು ಗೌಡ್ರೇ? ಎಂತ ಬರೀಲಿ?"

ನನ್ನ ಒದ್ದೆ ಪಂಚೆಯಿಂದ ಇನ್ನೂ ನೀರು ಇಳಿಯುತ್ತಿತ್ತು. ಎರಡು ಇಂಚು ಎನ್ನಲೇ? ಮೂರು ಎನ್ನಲೇ? ನಾಲಿಗೆಯ ತುದಿಗೆ ಬಂದದ್ದನ್ನು ನುಂಗಿಕೊಂಡೆ.

"ನಂಗೆ ಗೊತ್ತಿಲ್ಲ ಅಣ್ಣಪ್ಪನವ್ರೇ."

"ಹಂಗಾದ್ರೆ ಖಾಲಿ" ಎಂದು ಅವರು ಸಮಾಧಾನದಿಂದ ಪುಸ್ತಕ ಮುಚ್ಚಿದರು.

ಲಲಿತಕ್ಕ ಸೆರಗಿನ ನೀರು ಹಿಂಡುತ್ತಾ ನನ್ನನ್ನೇ ನೋಡುತ್ತಿದ್ದಳು.

"ಈ ಮಾತನ್ನ ಜನವರಿಯಲ್ಲೇ ಹೇಳಿದ್ರೆ" ಎಂದಳು, "ಹಾಲ್‌ನಲ್ಲಿ ಮದುವೆ ಆಗ್ತಿತ್ತಲ್ಲೋ!"